ಶಾಂತವೇರಿ ಗೋಪಾಲಗೌಡರು

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಗೇಣಿದಾರರಿಗೆ ವಿಧಾನಸಭೆಯಲ್ಲಿ ದನಿಯಾದ ಧೀಮಂತರು ಶಾಂತವೇರಿ ಗೋಪಾಲಗೌಡರು. 1923ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ ಜನಿಸಿದ ಅವರು ವಿದ್ಯಾರ್ಥಿದೆಸೆಯಲ್ಲಿಯೇ 1942ರ ಚಳವಳಿಗೆ ಧುಮುಕಿ ಸೆರೆವಾಸವನ್ನು ಅನುಭವಿಸಿದರು.

ಸ್ವಾತಂತ್ರ್ಯ ಬಂದರೂ ಮಲೆನಾಡಿನ ಗೇಣಿದಾರನ ಬಾಳು ಹಸನಾಗಲಿಲ್ಲ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ದೀವರ ಜನಾಂಗದ ಒಕ್ಕಲುಗಳು ಗೇಣಿಯ ಭತ್ತವನ್ನು ನ್ಯಾಯವಾದ ಕೊಳಗದಿಂದ ಅಳೆಯಬೇಕೆಂದು ಕೇಳಿದರು. ಪ್ರತಿಫಲವಾಗಿ ಅವರಿಗೆ ಉಳುವ ಭೂಮಿಯೇ ತಪ್ಪಿತು. 1951ರ ಏಪ್ರಿಲ್‌ನಲ್ಲಿ ಎಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ ಸತ್ಯಾಗ್ರಹ ಆರಂಭವಾಯಿತು. ತಾನು ಸಾಗುವಳಿ ಮಾಡಿದ ಗದ್ದೆಗೆ ನೇಗಿಲು ಹೊತ್ತು ಇಳಿದವನೇ ಕಾನೂನಿನ ಕಣ್ಣಿಗೆ ಅಪರಾಧಿಯಾದನು. ಕೊಳಗದ ಅನ್ಯಾಯ ಅಪರಾಧವೆನಿಸಲಿಲ್ಲ. ಜಾತಿಯ ಮೇಲುಕೀಳು ಕಾನೂನಿನ ತಕ್ಕಡಿಯನ್ನೂ ವಾಲಿಸಬಲ್ಲುದೆಂಬುದಕ್ಕೆ ಇದೇ ನಿದರ್ಶನ. ಗೋಪಾಲಗೌಡರೂ ಅವರ ಸಮಾಜವಾದಿ ಪಕ್ಷವೂ ಒಕ್ಕಲುಗಳ ಬೆಂಬಲಕ್ಕೆ ನಿಂತರು. ಜೂನ್‌ನಲ್ಲಿ ಡಾ. ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು.

1952ರಲ್ಲಿ ಸಾಗರ–ಹೊಸನಗರ ಕ್ಷೇತ್ರದ ಜನರು ಗೌಡರನ್ನು ಶಾಸನಸಭೆಗೆ ಕಳುಹಿಸಿದರು. ಮತದೊಡನೆ ಚುನಾವಣೆಯ ಖರ್ಚಿಗೆ ಒಂದೊಂದು ನೋಟನ್ನೂ ಮತದಾರರಿಂದಲೇ ಬೇಡಿದ ಅಭ್ಯರ್ಥಿ ಅವರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಆರಿಸಿಬಂದು, ಕಡೆಯವರೆಗೂ ಉಳುವವನಿಗೆ ಭೂಮಿಯ ಒಡೆತನ ಸಲ್ಲಬೇಕೆಂದು ವಾದಿಸಿದರು.

1972ರ ಜೂನ್ 9ರಂದು ಅವರು ಅಗಲಿದರು. ಗೇಣಿದಾರನನ್ನು ಒಡೆಯನನ್ನಾಗಿಸಿದ ಭೂಸುಧಾರಣಾ ತಿದ್ದುಪಡಿ 1974ರಲ್ಲಿ ಜಾರಿಗೆ ಬಂದಾಗ ಅದನ್ನು ಕಾಣಲು ಅವರಿರಲಿಲ್ಲ. ಒಮ್ಮೆ ಅಪರಾಧವೆನಿಸಿದ್ದ ಉಳುಮೆಯೇ ಹಕ್ಕಾಯಿತು. ಕಾನೂನನ್ನು ಗೌರವಿಸುವುದರೊಡನೆ ಅದು ನ್ಯಾಯವಾಗಿದೆಯೇ ಎಂದು ಕೇಳುವುದನ್ನೂ ಮಕ್ಕಳಿಗೆ ಕಲಿಸಬೇಕೆಂಬುದು ಈ ಬಾಳಿನ ಪಾಠ.