ಒಕಝಾಕಿ ಅನ್ನೋ ಹೆಸರಲ್ಲಿ ಇಬ್ಬರಿದ್ದಾರೆ

ಪಿಯುಸಿಯಲ್ಲಿ ಬಯಾಲಜಿ ತಗೊಂಡಿದ್ದ ನಮ್ಮಲ್ಲಿ ಕೆಲವರಿಗಾದ್ರೂ ‘ಒಕಝಾಕಿ ತುಣುಕುಗಳು’ ಅನ್ನೋ ಹೆಸರು ನೆನಪಿರುತ್ತೆ. ಅದು ಯಾರ ಹೆಸರು ಅಂತ ಈ ಸಲ ಹುಡುಕಿ ಓದಿದ್ವಿ.

ರೈಜಿ ಒಕಝಾಕಿ ಹುಟ್ಟಿದ್ದು 1930ರಲ್ಲಿ, ಹಿರೋಶಿಮಾದಲ್ಲಿ. 1945ರ ಆಗಸ್ಟ್ 6ರಂದು ಊರಿನ ಮೇಲೆ ಅಣುಬಾಂಬ್ ಬಿದ್ದಾಗ ಅವರಿಗೆ 14 ವರ್ಷ. ಜೀವ ಉಳಿಯಿತು, ಆದ್ರೆ ವಿಕಿರಣ ಮೈಗೆ ತಾಗಿತ್ತು. ಮುಂದೆ ನಗೋಯಾ ವಿಶ್ವವಿದ್ಯಾಲಯದಲ್ಲಿ ಓದಿದರು, ಅಲ್ಲೇ ಓದಿದ ತ್ಸುನೆಕೊ ಅವರನ್ನು ಮದುವೆಯಾದರು. ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ ಸಂಶೋಧನೆ ಮಾಡಿದರು. ಕೆಲವು ವರ್ಷ ಅಮೆರಿಕದಲ್ಲಿದ್ದು ವಾಪಸ್ ನಗೋಯಾಗೆ ಬಂದರು.

ಆಗ ಒಂದು ಒಗಟು ಹಾಗೇ ಉಳಿದಿತ್ತು. ಡಿಎನ್‌ಎಯ ಎರಡು ಎಳೆಗಳು ವಿರುದ್ಧ ದಿಕ್ಕಿಗೆ ಮುಖ ಮಾಡಿರುತ್ತವೆ. ಪಾಲಿಮರೇಸ್ ಎಂಬ ಕಿಣ್ವ ಹೊಸ ಎಳೆ ಕಟ್ಟೋದು ಒಂದೇ ದಿಕ್ಕಿಗೆ. ಆದರೂ ಬ್ಯಾಕ್ಟೀರಿಯಾದಲ್ಲಿ ಎರಡೂ ಎಳೆಗಳು ಜೊತೆಜೊತೆಗೇ ನಕಲಾಗ್ತವೆ. ಹೇಗೆ? ಎಳೆ ಬಿಚ್ಚಿಕೊಂಡಷ್ಟಕ್ಕೆ ಹಿಮ್ಮುಖವಾಗಿ ಚಿಕ್ಕ ತುಣುಕು ಕಟ್ಟಿ, ಆಮೇಲೆ ಜೋಡಿಸುತ್ತೆ ಅನ್ನೋದು ಒಂದು ಊಹೆ.

ತೊಂದರೆ ಏನಂದ್ರೆ ತುಣುಕುಗಳು ಬೇಗ ಸೇರಿಹೋಗ್ತವೆ. ಅದಕ್ಕೇ ಇ. ಕೋಲೈಯನ್ನು 20 ಡಿಗ್ರಿಯಲ್ಲಿಟ್ಟು ಅದರ ವೇಗ ತಗ್ಗಿಸಿದರು. ಟ್ರಿಟಿಯಂ, ಅಂದ್ರೆ ವಿಕಿರಣಶೀಲ ಹೈಡ್ರೋಜನ್, ಇರುವ ಥೈಮಿಡಿನ್ ಅನ್ನು ಕೆಲವೇ ಸೆಕೆಂಡ್ ಕೊಟ್ಟು ಕೆಲಸ ನಿಲ್ಲಿಸಿದರು. ಥೈಮಿಡಿನ್ ಸೇರೋದು ಡಿಎನ್‌ಎಗೆ, ಆರ್‌ಎನ್‌ಎಗಲ್ಲ. ಹಾಗಾಗಿ ಗುರುತು ಬೀಳೋದು ಆಗತಾನೇ ಕಟ್ಟಿದ ಡಿಎನ್‌ಎ ಮೇಲೆ ಮಾತ್ರ. (ಕೋಡ್ ಎಲ್ಲಿಗೆ ಬಂತು ಅಂತ ನೋಡೋಕೆ ನಾವು ಪ್ರಿಂಟ್ ಹಾಕ್ತೀವಲ್ಲ, ಹೆಚ್ಚುಕಮ್ಮಿ ಹಾಗೇ.) ಕ್ಷಾರದಲ್ಲಿ ಎಳೆಗಳನ್ನು ಬಿಡಿಸಿ, ಸಕ್ಕರೆ ದ್ರಾವಣದಲ್ಲಿ ಸೆಂಟ್ರಿಫ್ಯೂಜ್ ಮಾಡಿದರು. ಉದ್ದದ್ದು ಬೇಗ ಕೆಳಗಿಳಿಯುತ್ತೆ, ಗಿಡ್ಡದ್ದು ಮೇಲೇ ಉಳಿಯುತ್ತೆ. ಸೆಕೆಂಡುಗಳ ಗುರುತು ಸಿಕ್ಕಿದ್ದು ಮೇಲೆ, ಸುಮಾರು 1000ದಿಂದ 2000 ನ್ಯೂಕ್ಲಿಯೋಟೈಡ್ ಉದ್ದದ ತುಣುಕುಗಳಲ್ಲಿ. ಹೆಚ್ಚು ಹೊತ್ತು ಬಿಟ್ಟರೆ ಅದು ಉದ್ದ ಎಳೆಗಳಿಗೆ ಸರಿದಿರುತ್ತಿತ್ತು.

ಅದು ಮುರಿದ ಚೂರು ಯಾಕಾಗಿರಬಾರದು? ನಮಗೆ ಹೆಚ್ಚು ಇಷ್ಟವಾಗಿದ್ದು ಇದಕ್ಕೆ ಅವರು ಕೊಟ್ಟ ಉತ್ತರ. ತುಣುಕು ಜೋಡಿಸುವ ಲಿಗೇಸ್ ಕಿಣ್ವ ಬಿಸಿಯಲ್ಲಿ ಕೆಡುವಂಥ ಟಿ4 ವೈರಸ್ ತಳಿಯನ್ನು ತಗೊಂಡು, ಟೆಂಪರೇಚರ್ ಏರಿಸಿದರು. ತುಣುಕುಗಳು ಸೇರದೆ ರಾಶಿಬಿದ್ದವು. ಇದೆಲ್ಲ ಪ್ರಕಟವಾಗಿದ್ದು 1968ರಲ್ಲಿ.

ತುಣುಕು ಶುರುವಾಗೋದು ಹೇಗೆ ಅನ್ನೋ ಪ್ರಶ್ನೆ ಉಳಿದಿತ್ತು. ಪ್ರತಿ ತುಣುಕಿನ ತುದಿಯಲ್ಲಿ ಪುಟ್ಟ ಆರ್‌ಎನ್‌ಎ ಇರುತ್ತೆ ಅಂತ ತೋರಿಸುವ ಕೆಲಸ ನಡೀತಿರುವಾಗಲೇ ರೈಜಿಗೆ ರಕ್ತದ ಕ್ಯಾನ್ಸರ್ ಬಂತು. ಹಿರೋಶಿಮಾದ ವಿಕಿರಣವೇ ಕಾರಣ ಅಂತಾರೆ. 1975ರಲ್ಲಿ, 44ನೇ ವಯಸ್ಸಿಗೆ ತೀರಿಕೊಂಡರು.

ಆ ಕೆಲಸವನ್ನು ಮುಂದುವರಿಸಿ, ತುಣುಕಿನ ಆರಂಭದ ಆರ್‌ಎನ್‌ಎಯನ್ನು ಖಚಿತಪಡಿಸಿದ್ದು ತ್ಸುನೆಕೊ. 2021ರಲ್ಲಿ ಜಪಾನ್ ಸರ್ಕಾರ ಅವರಿಗೆ ಆರ್ಡರ್ ಆಫ್ ಕಲ್ಚರ್ ಗೌರವ ಕೊಟ್ಟಿತು.