ಕೆಂಪೇಗೌಡರ ಗವಿಯೂ ಸಂಕ್ರಮಣದ ಸೂರ್ಯನೂ

ಯಲಹಂಕ ನಾಡಪ್ರಭುಗಳಾದ ಹಿರಿಯ ಕೆಂಪೇಗೌಡರ ಹೆಸರನ್ನರಿಯದ ಕನ್ನಡಿಗರು ವಿರಳ. ವಿಜಯನಗರದ ಸಾಮಂತರಾಗಿದ್ದ ಈ ಮಹನೀಯರು 1537ರಲ್ಲಿ ಬೆಂಗಳೂರಿನ ಕೋಟೆಯನ್ನು ಕಟ್ಟಿಸಿ, ಪೇಟೆಗಳನ್ನು ನೆಲೆಗೊಳಿಸಿ, ಧರ್ಮಾಂಬುಧಿ, ಕೆಂಪಾಂಬುಧಿ ಮೊದಲಾದ ಕೆರೆಗಳನ್ನು ನಿರ್ಮಿಸಿದರು. ಸ್ವಂತ ನಾಣ್ಯವನ್ನು ಅಚ್ಚುಹಾಕಿಸಿದುದಕ್ಕಾಗಿ ಆನೆಗೊಂದಿಯಲ್ಲಿ ಐದು ವರ್ಷ ಸೆರೆಯಿದ್ದರೆಂದೂ, ಬಿಡುಗಡೆಹೊಂದಿದ ಮೇಲೆ ಗವಿಪುರದ ಗಂಗಾಧರೇಶ್ವರನ ಗುಹಾಲಯವನ್ನು ಕಟ್ಟಿಸಿದರೆಂದೂ ಐತಿಹ್ಯವಿದೆ. 1569ರಲ್ಲಿ ತೀರಿಕೊಂಡ ಅವರ ಸಮಾಧಿ ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿರುವುದು 2015ರಲ್ಲಿ ಬೆಳಕಿಗೆ ಬಂದಿತು. ಅವರ ವಂಶದವರು 1638ರಲ್ಲಿ ಬೆಂಗಳೂರನ್ನು ಕಳೆದುಕೊಂಡು, 1728ರವರೆಗೆ ಮಾಗಡಿಯಿಂದ ಆಳಿದರು.

ಆ ಗುಹಾಲಯದಲ್ಲಿ ಪ್ರತಿವರ್ಷ ಮಕರಸಂಕ್ರಮಣದ ಸಂಜೆ ಸೂರ್ಯಕಿರಣವು ನಂದಿಯ ಕೊಂಬುಗಳ ನಡುವೆ ಹಾಯ್ದು ಲಿಂಗವನ್ನು ಮುಟ್ಟುವುದನ್ನು ಕಾಣಲು ಜನರು ಕಿಕ್ಕಿರಿದು ನೆರೆಯುತ್ತಾರೆ. ಆದರೆ ಆ ಕಿರಣ ಬರುವುದು ವರ್ಷಕ್ಕೊಮ್ಮೆಯಲ್ಲ, ಎರಡು ಬಾರಿ ಎಂಬುದು 2008ರಲ್ಲಿ ಪ್ರಕಟವಾದ ಶೋಧನೆಯಿಂದ ಸ್ಪಷ್ಟವಾಗಿದೆ: ನವೆಂಬರ್ ಕೊನೆಯ ದಿನಗಳಲ್ಲಿ ಒಮ್ಮೆ, ಜನವರಿಯ ಮಧ್ಯದಲ್ಲಿ ಮತ್ತೊಮ್ಮೆ. ಭೂಮಿಯ ಅಕ್ಷವು ಸುಮಾರು 23.5 ಡಿಗ್ರಿ ಓರೆಯಾಗಿರುವುದರಿಂದ ಸೂರ್ಯಾಸ್ತದ ಸ್ಥಾನವು ದಿನದಿನಕ್ಕೂ ಸರಿಯುತ್ತದೆ. ಸೂರ್ಯನು ದಕ್ಷಿಣಕ್ಕೆ ಹೋಗುವಾಗಲೂ ಹಿಂದಿರುಗುವಾಗಲೂ ಅದೇ ಕಿಂಡಿಯ ಎದುರಿಗೆ ಬರುತ್ತಾನೆ. ಈ ಎರಡು ಕಾಲಗಳಿಗೂ ನಟ್ಟನಡುವೆ ಡಿಸೆಂಬರ್ 21-22 ಬೀಳುತ್ತದೆ. ಸೂರ್ಯನು ನಿಜವಾಗಿ ಉತ್ತರಕ್ಕೆ ತಿರುಗುವುದು ಅಂದೇ. ಸಂಕ್ರಮಣದ ಕಿರಣವು ಹಿಂದಿರುಗಿ ಬರುತ್ತಿರುವ ಸೂರ್ಯನದು.

ಹಾಗಾದರೆ ಹಬ್ಬಕ್ಕೂ ಅಯನಕ್ಕೂ ಮೂರು ವಾರಗಳಿಗೂ ಮಿಕ್ಕ ಅಂತರವೇಕೆ? ಭೂಮಿಯು ನಡುವಿನಲ್ಲಿ ಕೊಂಚ ಉಬ್ಬಿದೆ. ಆ ಉಬ್ಬನ್ನು ಚಂದ್ರನೂ ಸೂರ್ಯನೂ ಸೆಳೆಯುವುದರಿಂದ ಭೂಮಿಯ ಅಕ್ಷವು ತಿರುಗುವ ಬುಗುರಿಯಂತೆ ಓಲಾಡುತ್ತ, ಸುಮಾರು 26,000 ವರ್ಷಗಳಲ್ಲಿ ಒಂದು ಸುತ್ತು ಮುಗಿಸುತ್ತದೆ. ನಮ್ಮ ಸಂಕ್ರಮಣವು ನಕ್ಷತ್ರಗಳನ್ನು ಅನುಸರಿಸಿ ಎಣಿಸಿದುದು. ಅಯನವು ಅಕ್ಷದ ಓರೆಯನ್ನು ಅನುಸರಿಸಿದುದು. ಆದುದರಿಂದ ಇವೆರಡೂ ಸುಮಾರು 72 ವರ್ಷಗಳಿಗೆ ಒಂದು ದಿನದಂತೆ ದೂರವಾಗುತ್ತಿವೆ. ಕೆಂಪೇಗೌಡರ ಕಾಲದಲ್ಲಿ ಈ ಅಂತರವು ಇಂದಿಗಿಂತ ಸುಮಾರು ಒಂದು ವಾರ ಕಡಮೆಯಿತ್ತು. ಕಿಂಡಿಯು ಈಗಿರುವಂತೆಯೇ ಉಳಿದರೂ, ಮುಂದೊಂದು ಕಾಲಕ್ಕೆ ಹಬ್ಬದ ಸಂಜೆ ಕಿರಣವು ಲಿಂಗವನ್ನು ಮುಟ್ಟದೆ ಹೋಗುವುದು ನಿಶ್ಚಯ.

ಇದರಿಂದ ಭಕ್ತಿಗೆ ಕುಂದಿಲ್ಲ, ಕಟ್ಟಿಸಿದವರ ಕೀರ್ತಿಗೂ ಕುಂದಿಲ್ಲ. ಆದರೆ ಜನವರಿಯಲ್ಲಿ ಮಾತ್ರ ನೆರೆದು, ನವೆಂಬರಿನ ಕಿರಣವನ್ನು ಮರೆಯುವುದು ವಿದ್ಯಾವಂತರಿಗೆ ಶೋಭೆಯಲ್ಲ. ಉಪಾಧ್ಯಾಯರು ಎರಡು ಸಾರಿಯೂ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ದಿನಗಳನ್ನೆಣಿಸುವುದನ್ನು ಕಲಿಸಲಿ. ನಾಡಪ್ರಭುಗಳ ಸ್ಮರಣೆಗೆ ಇದಕ್ಕಿಂತ ತಕ್ಕ ಕಾರ್ಯವಿಲ್ಲ.