ಬೆಂಗಳೂರಿಗೂ ಮೊದಲು ರಾಯಚೂರಿನ ಹಳ್ಳಿಗೆ ಬಂದಿತ್ತು ಟಿವಿ! ಆ ಸೆಟ್‌ಗಳ ಹಿಂದಿದ್ದ ಹೈದರಾಬಾದ್‌ನ ಎ.ಎಸ್. ರಾವ್ ಯಾರು?

ಹೈದರಾಬಾದ್: ಈ ನಗರದಲ್ಲಿ ಓಡಾಡಿದವರಿಗೆ 'ಎ.ಎಸ್. ರಾವ್ ನಗರ' ಎಂಬ ಹೆಸರು ಗೊತ್ತಿರುತ್ತದೆ. ಆದರೆ ಆ ರಾವ್ ಯಾರು ಎಂದರೆ ಉತ್ತರಿಸುವವರು ಕಡಿಮೆ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾಗಿದ್ದು 1981ರಲ್ಲಿ. ಅದಕ್ಕೂ ಆರು ವರ್ಷ ಮೊದಲೇ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗರು ಉಪಗ್ರಹದಿಂದ ನೇರವಾಗಿ ಬಂದ ಕನ್ನಡ ಕಾರ್ಯಕ್ರಮ ನೋಡಿದ್ದರು. ಅವರ ಮುಂದಿದ್ದ ಟಿವಿ ಸೆಟ್ ತಯಾರಾಗಿದ್ದು ರಾವ್ ಕಟ್ಟಿದ ಕಾರ್ಖಾನೆಯಲ್ಲಿ.

ಅಯ್ಯಗಾರಿ ಸಾಂಬಶಿವ ರಾವ್ ಹುಟ್ಟಿದ್ದು 1914ರ ಸೆಪ್ಟೆಂಬರ್ 20ರಂದು, ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯಲ್ಲಿ. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಮುಗಿಸಿ ಅಲ್ಲಿಯೇ ಪಾಠ ಮಾಡಿದರು. ನಂತರ ಟಾಟಾ ವಿದ್ಯಾರ್ಥಿವೇತನ ಪಡೆದು ಅಮೆರಿಕದ ಸ್ಟ್ಯಾನ್‌ಫೋರ್ಡ್‌ನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದರು. ಮರಳಿ ಬಂದವರು ಸೇರಿದ್ದು ಹೋಮಿ ಭಾಭಾ ಅವರ ತಂಡವನ್ನು.

ದೇಶದ ಮೊದಲ ಪರಮಾಣು ರಿಯಾಕ್ಟರ್ 'ಅಪ್ಸರಾ' 1956ರಲ್ಲಿ ಕಾರ್ಯಾರಂಭ ಮಾಡಿದಾಗ ಅದರ ನಿಯಂತ್ರಣ ವ್ಯವಸ್ಥೆ ಸಿದ್ಧಪಡಿಸಿದ್ದು ರಾವ್ ನೇತೃತ್ವದ ಎಲೆಕ್ಟ್ರಾನಿಕ್ಸ್ ವಿಭಾಗ. ಬೇಕಾದ ಉಪಕರಣವನ್ನು ವಿದೇಶದಿಂದ ತರಿಸುವ ಬದಲು ಇಲ್ಲೇ ಮಾಡಬೇಕು ಎನ್ನುವುದು ಅವರ ಹಠ. ಆ ಕಾಲಕ್ಕೆ ಇದು ದುಬಾರಿ ಹಠವೇ ಸರಿ. 1963ರಲ್ಲಿ ಕೇಂದ್ರ ಸರ್ಕಾರ ರಚಿಸಿದ ಎಲೆಕ್ಟ್ರಾನಿಕ್ಸ್ ಸಮಿತಿಯಲ್ಲಿ ಭಾಭಾ, ವಿಕ್ರಮ್ ಸಾರಾಭಾಯಿ, ಎಸ್. ಭಗವಂತಂ ಜೊತೆ ರಾವ್ ಕೂಡ ಇದ್ದರು. 1967ರ ಏಪ್ರಿಲ್ 11ರಂದು ಹೈದರಾಬಾದ್‌ನಲ್ಲಿ ಇಸಿಐಎಲ್ ಸ್ಥಾಪನೆಯಾಯಿತು. ಅದರ ಚುಕ್ಕಾಣಿ ರಾವ್ ಕೈಗೆ ಬಂತು. ರಿಯಾಕ್ಟರ್ ಉಪಕರಣಗಳ ಜೊತೆಗೆ ಟಿಡಿಸಿ-12 ಕಂಪ್ಯೂಟರ್, 'ಇಸಿ' ಹೆಸರಿನ ಟಿವಿ ಒಂದೊಂದಾಗಿ ಹೊರಬಂದವು.

ನಿಜವಾದ ಪರೀಕ್ಷೆ ಎದುರಾಗಿದ್ದು 1975ರಲ್ಲಿ. ನಾಸಾದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತೋರಿಸುವ 'ಸೈಟ್' ಯೋಜನೆ ಅದು. ಕನಸು ಸಾರಾಭಾಯಿ ಅವರದ್ದು, ಆದರೆ ಅದು ನನಸಾಗುವ ಮುನ್ನವೇ 1971ರಲ್ಲಿ ಅವರು ತೀರಿಕೊಂಡಿದ್ದರು. ಧೂಳು, ಸೆಕೆ, ಏರಿಳಿಯುವ ವೋಲ್ಟೇಜ್ ಇರುವ ಊರುಗಳಲ್ಲಿ ಸೆಟ್ ಕೈಕೊಟ್ಟರೆ ಇಡೀ ಪ್ರಯೋಗವೇ ಹಾಳು. ಆ ಸೆಟ್‌ಗಳನ್ನು ತಯಾರಿಸುವ ಹೊಣೆ ಇಸಿಐಎಲ್‌ನದ್ದಾಯಿತು.

ವ್ಯವಸ್ಥೆ ನೋಡಲು ಸರಳ. ಕೋಳಿ ಗೂಡಿಗೆ ಹಾಕುವಂಥ ತಂತಿ ಬಲೆಯಿಂದ ಮಾಡಿದ 3 ಮೀಟರ್ ಅಗಲದ ಆಂಟೆನಾ. ಸುಮಾರು 36,000 ಕಿ.ಮೀ. ದೂರದಿಂದ 860 ಮೆಗಾಹರ್ಟ್ಸ್‌ನಲ್ಲಿ ಬರುವ ಕ್ಷೀಣ ಸಂಕೇತವನ್ನು ಅದು ಹಿಡಿಯುತ್ತಿತ್ತು. ಕನ್ವರ್ಟರ್ ಅದನ್ನು ಟಿವಿಗೆ ಅರ್ಥವಾಗುವಂತೆ ಬದಲಿಸುತ್ತಿತ್ತು. ಒಂದೇ ಚಿತ್ರದ ಜೊತೆ ಎರಡು ಧ್ವನಿ ಕಳಿಸುವ ಅನುಕೂಲವೂ ಇತ್ತು. ಹಾಗಾಗಿ ಒಂದೇ ದೃಶ್ಯಕ್ಕೆ ಇಲ್ಲಿ ಕನ್ನಡ, ಪಕ್ಕದ ಆಂಧ್ರದಲ್ಲಿ ತೆಲುಗು!

ಇಂದು ನಮ್ಮ ಛಾವಣಿಯ ಪುಟ್ಟ ಡಿಶ್ ಮಾಡುವ ಕೆಲಸವೂ ಬಹುಪಾಲು ಇದೇ. ಡಿಶ್ ಬಾಯಲ್ಲಿರುವ ಎಲ್‌ಎನ್‌ಬಿ ಉಪಗ್ರಹದ ಸಂಕೇತವನ್ನು 950ರಿಂದ 2150 ಮೆಗಾಹರ್ಟ್ಸ್‌ಗೆ ಇಳಿಸಿ ಕೋಆಕ್ಸಿಯಲ್ ಕೇಬಲ್‌ಗೆ ಬಿಡುತ್ತದೆ. ಮಾಮೂಲಿ ಆಂಟೆನಾದ ಸಂಕೇತ ಇದಕ್ಕಿಂತ ಕೆಳಗಿನ ಆವರ್ತನದ್ದು. ಆದ್ದರಿಂದ ಡಿಪ್ಲೆಕ್ಸರ್ ಎಂಬ ಸಣ್ಣ ಡಬ್ಬಿ ಹಾಕಿದರೆ ಎರಡೂ ಒಂದೇ ವೈರಿನಲ್ಲಿ ಕಲಸಿಹೋಗದೆ ಕೆಳಗಿಳಿಯುತ್ತವೆ. ಎಲ್‌ಎನ್‌ಬಿಗೆ ಬೇಕಾದ ವಿದ್ಯುತ್ ಅದೇ ವೈರಿನಲ್ಲಿ ಮೇಲಕ್ಕೆ ಹೋಗುತ್ತದೆ.

ಸೈಟ್ 1976ರ ಜುಲೈ 31ಕ್ಕೆ ಮುಗಿಯಿತು. ಉಪಗ್ರಹವನ್ನು ನಾಸಾ ವಾಪಸ್ ಪಡೆಯಿತು. ಈ ಕಥೆ ಹೇಳುವಾಗ ಸಾರಾಭಾಯಿ, ನಾಸಾ ಹೆಸರು ಬರುತ್ತದೆ, ಹೈದರಾಬಾದ್‌ನ ಕಾರ್ಖಾನೆ ಮಾತ್ರ ಅಡಿಟಿಪ್ಪಣಿಗೆ ಸರಿಯುತ್ತದೆ. ಭಟ್ನಾಗರ್ ಪ್ರಶಸ್ತಿ, 1972ರಲ್ಲಿ ಪದ್ಮಭೂಷಣ ಪಡೆದಿದ್ದ ರಾವ್‌ಗೆ ಗೌರವದ ಕೊರತೆಯೇನೂ ಇರಲಿಲ್ಲ, ನಿಜ. ಆದರೆ ಒಂದು ಕಾಲಕ್ಕೆ ಮನೆಮಾತಾಗಿದ್ದ ಇಸಿ ಟಿವಿ ಖಾಸಗಿ ಕಂಪನಿಗಳ ಪೈಪೋಟಿಯಲ್ಲಿ ಮಾರುಕಟ್ಟೆಯಿಂದಲೇ ಮರೆಯಾಯಿತು. ಈಗ ಇಸಿಐಎಲ್ ಹೆಸರು ಕೇಳಿಬರುವುದು ಚುನಾವಣೆ ಬಂದಾಗ, ಇವಿಎಂ ನೆಪದಲ್ಲಿ.

ರಾವ್ 2003ರ ಅಕ್ಟೋಬರ್ 31ರಂದು ನಿಧನರಾದರು. ಐದು ವರ್ಷಗಳ ಬಳಿಕ ಚಂದ್ರಯಾನ-1ರ ಸಂಕೇತ ಹಿಡಿಯಲು ಬೆಂಗಳೂರು ಸಮೀಪದ ಬ್ಯಾಲಾಳುವಿನಲ್ಲಿ 32 ಮೀಟರ್ ಅಗಲದ ಆಂಟೆನಾ ಎದ್ದು ನಿಂತಿತು. ಅದನ್ನು ನಿರ್ಮಿಸಿದ್ದು ಇಸಿಐಎಲ್.